ಗೌರಕ್ಕನ ಸೆರಗು

“ಏಯ್ ಗೌರೀ, ಮುಂದಕ್ಕೆ ಹೋಗಬ್ಯಾಡ, ತೆರೆ ಎಳ್ಕೊಂಡು ಹೋಗ್ತೈತೆ!” ಎಂದು ಗದರಿ, ಪಕ್ಕದ ಮನೆ ಗೌರಕ್ಕನ ಗಂಡ ಅವಳ ಸೆರಗು ಹಿಡಿದರು. ನ್ಯಾಮತಿಯಿಂದ ಹೊರಟ ನಮ್ಮ ಪ್ರವಾಸದ ಬಸ್ಸು ಘಟ್ಟ ಇಳಿದು, ಶರಾವತಿ ದಾಟಿ ಕಡಲ ದಂಡೆಗೆ ಬಂದಿತ್ತು. ಮುತ್ತೈದೆಯರು ಗಂಗಮ್ಮನಿಗೆ ಬಾಗಿನ ಬಿಡುತ್ತಿದ್ದರು. ಗಂಡನಿಲ್ಲದ ನಾನು ಅವರ ಚೀಲ ಕಾಯುತ್ತಾ, ಆ ಸೆರಗನ್ನೇ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಬಾಗಿನ ಬಿಟ್ಟು ಬಂದ ಗೌರಕ್ಕ ನನ್ನ ಕೈಯಿಂದ ಚೀಲ ಕಿತ್ತುಕೊಂಡಳು. “ನಿನಗೇನವ್ವ, ಬ್ಯಾಡ ಅನ್ನೋರಿಲ್ಲ. ನನಗೆ ಮೊಣಕಾಲು ನೆನೆಸಾಕೂ ಬಿಡಲಿಲ್ಲ ಈ ಮನುಷ್ಯ. ಹೋಗು, ನನ್ನ ಪಾಲಿಂದೂ ಆಡು” ಎಂದಳು. ಅವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚೇ!

ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದೆ. ಮೊಮ್ಮಕ್ಕಳೇ, ಕಡಲು ಬಹಳ ಚೆನ್ನಾಗಿತ್ತು. ಆದರೂ ಹಿಂದಿನಿಂದ ಯಾರಾದರೂ ಗದರುತ್ತಾರೇನೋ ಎಂದು ಒಂದು ಸಲ ತಿರುಗಿ ನೋಡಿದೆ.