ಬಸಳೆಗೆ ಹೊಯ್ದ ಮಾಡಿನ ನೀರು

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮದುವೆಯಾಗಿ ನಾನು ಪುತ್ತೂರಿಗೆ ಬಂದಾಗ ನಮ್ಮದು ಬಾಡಿಗೆಯ ಸಾಲುಮನೆ. ಹೆಂಚಿನ ಒಂದೇ ಉದ್ದ ಮಾಡಿನ ಕೆಳಗೆ ಐದು ಸಂಸಾರ, ಐದಕ್ಕೂ ಸೇರಿ ಒಂದು ಬಾವಿ. ಸಾಲಿನ ಕೊನೆಯ ಮನೆ ನಮ್ಮದಾದ್ದರಿಂದ ಬಚ್ಚಲುಕೊಟ್ಟಿಗೆಯ ಆಚೆ ಒಂದು ತುಂಡು ನೆಲ ನಮಗೆ ಹೆಚ್ಚು ಸಿಕ್ಕಿತ್ತು. ಗಂಡ ವಕೀಲರೊಬ್ಬರ ಹತ್ತಿರ ಗುಮಾಸ್ತ. ಬೆಳಿಗ್ಗೆ ಹೋದರೆ ಬರುವುದು ಕತ್ತಲಾಗುವಾಗ. ಮನೆಯಲ್ಲಿ ಅತ್ತೆ ಮತ್ತು ನಾನು. ನಾನು ಆ ನೆಲವನ್ನು ಅಗೆದು ಬಸಳೆ ಚಪ್ಪರ ಹಾಕಿದೆ, ಬದಿಗೆ ಬೆಂಡೆ, ಅಲಸಂಡೆ.

ನನ್ನ ತವರು ಐವರ್ನಾಡಿನಲ್ಲಿ, ಗುಡ್ಡೆಯ ನೆತ್ತಿಯಲ್ಲಿ. ನೀರಿಗೆ ಕೆಳಗೆ ತೋಡಿಗೆ ಇಳಿಯಬೇಕು. ಹಾಗಾಗಿ ಮಳೆ ಬಂದರೆ ಅಮ್ಮ ಮಾಡಿನ ಕೆಳಗೆ ಹಂಡೆ, ಕೊಪ್ಪರಿಗೆ, ಕಡೆಗೆ ಅನ್ನ ಬಸಿಯುವ ಪಾತ್ರೆಯನ್ನೂ ಇಟ್ಟು ನೀರು ಹಿಡಿಯುತ್ತಿದ್ದಳು. ಆ ಅಭ್ಯಾಸ ನನ್ನ ಕೈಯಲ್ಲಿತ್ತು. ಮದುವೆಯ ಮರುವರ್ಷ ವಿಷುವಿನ ಹೊತ್ತಿಗೆ ಗುಡುಗಿ ಎರಡು ಮೂರು ಒಳ್ಳೆಯ ಮಳೆ ಬಿತ್ತು. ರಸ್ತೆ ಕೆಲಸದವರು ಬಿಟ್ಟುಹೋದ ಟಾರಿನ ಡ್ರಮ್ಮುಗಳನ್ನು ಗಂಡ ಎಲ್ಲಿಂದಲೋ ಉರುಳಿಸಿಕೊಂಡು ಬಂದಿದ್ದರು. ಒಳಗೆ ಹುಲ್ಲು ಹಾಕಿ ಬೆಂಕಿ ಕೊಟ್ಟು, ಅಂಟಿದ ಟಾರನ್ನೆಲ್ಲ ಕೆರೆದು, ಅಡಿಕೆ ಮರ ಸೀಳಿ ಕೊರೆದ ದಂಬೆಯನ್ನು ಮಾಡಿನ ಅಂಚಿಗೆ ಕಟ್ಟಿ ನೀರು ಡ್ರಮ್ಮಿಗೆ ಬೀಳುವಂತೆ ಮಾಡಿದೆ. ಕಸ ಸೋಸಲಿಕ್ಕೆ ಡ್ರಮ್ಮಿನ ಬಾಯಿಗೆ ನನ್ನ ಹಳೆಯ ಒಳಲಂಗವನ್ನು ಬಿಗಿದೆ. ಅದಕ್ಕಿಂತ ದಪ್ಪದ ಬಟ್ಟೆ ಮನೆಯಲ್ಲಿ ಬೇರೆ ಇರಲಿಲ್ಲ.

ಅತ್ತೆಗೆ ಅದು ಹಿಡಿಸಲಿಲ್ಲ.

“ಬಾವಿ ಇರುವಲ್ಲಿ ಮಾಡಿನ ನೀರು ಹಿಡಿಯುದು ಎಂತಕ್ಕೆ? ಗತಿ ಇಲ್ಲದವರ ಹಾಗೆ! ಸಾಲಿನವರು ನೋಡಿದರೆ ಎಂತ ಹೇಳ್ತಾರೆ?”

“ಬಸಳೆಗೆ ಅತ್ತೆ. ನಾವು ಕುಡಿಯುದಲ್ಲವಲ್ಲ.”

“ಹಾಗಾದರೆ ಯಾರಿಗೂ ಕಾಣದ ಹಾಗೆ ಇಡು. ಯಾರ ಹತ್ತಿರವೂ ಹೇಳಲಿಕ್ಕೆ ಹೋಗಬೇಡ.”

ಅವರ ಮಾತಿನಲ್ಲಿ ನನ್ನ ತವರಿನ ಗುಡ್ಡೆಯೂ ಸೇರಿದೆ ಅಂತ ನನಗೆ ಅನ್ನಿಸಿತು. ಡ್ರಮ್ಮುಗಳಿಗೆ ಅಡ್ಡವಾಗಿ ತೆಂಗಿನ ಮಡಲಿನ ತಟ್ಟಿ ಕಟ್ಟಿದೆ. ಮಳೆ ನಿಂತ ಕೂಡಲೇ ದಂಬೆಯನ್ನೂ ಬಿಚ್ಚಿ ಒಳಗಿಟ್ಟೆ.

ಆ ಮೇಲೆ ಮಳೆ ಬರಲೇ ಇಲ್ಲ. ಮಳೆಗಾಲಕ್ಕೆ ಗಡುವಿನ ಹಾಗಿರುವ ಪತ್ತನಾಜೆ ಕಳೆಯಿತು. ಮಕ್ಕಳ ಶಾಲೆ ಸುರುವಾಯಿತು, ಹೊಸ ಕೊಡೆ ಹಿಡಿದುಕೊಂಡು ಹೋದ ಮಕ್ಕಳು ಅದನ್ನು ಬಿಸಿಲಿಗೇ ಬಿಡಿಸಿಕೊಂಡು ಬಂದರು. ಬಾವಿಯಲ್ಲಿ ತಳದ ಕಲ್ಲು ಕಾಣತೊಡಗಿದಾಗ ಮನೆಯ ಧಣಿಯವರ ಹೆಂಡತಿ, ನಾವೆಲ್ಲ ಅಕ್ಕ ಅನ್ನುತ್ತಿದ್ದವರು, ನೀರಿಗೆ ಕಟ್ಟು ಹಾಕಿದರು. ಬೆಳಿಗ್ಗೆ ಒಂದು ಸರ್ತಿ, ಸಂಜೆ ಒಂದು ಸರ್ತಿ, ಅವರು ನಿಂತು ನೋಡುತ್ತಿರುವಾಗ ಮಾತ್ರ ಸೇದಬೇಕು. ಗಿಡಕ್ಕೆ ಒಂದು ಹನಿಯೂ ಇಲ್ಲ.

ನಾನು ಕಾಗೆ ಕೂಗುವ ಮೊದಲೇ ಎದ್ದು, ಡ್ರಮ್ಮಿನಿಂದ ತೆಂಗಿನ ಗೆರಟೆಯಲ್ಲಿ ಮೊಗೆದು ಒಂದೊಂದು ಬುಡಕ್ಕೆ ಸ್ವಲ್ಪ ಸ್ವಲ್ಪ ಹೊಯ್ಯುತ್ತಿದ್ದೆ. ಮೇಲೆ ತರಗೆಲೆ ಮುಚ್ಚುತ್ತಿದ್ದೆ. ಬಸಳೆ ಎಂದರೆ ಒಂದು ಗುಟುಕಿಗೂ ಸಂತೋಷಪಡುವ ಬಳ್ಳಿ. ಸಾಲಿನ ಉಳಿದ ಹಿತ್ತಿಲೆಲ್ಲ ಬೂದಿಯ ಬಣ್ಣಕ್ಕೆ ತಿರುಗಿದಾಗ ನಮ್ಮ ಚಪ್ಪರ ಮಾತ್ರ ದಪ್ಪ ದಪ್ಪ ಎಲೆ ಬಿಟ್ಟು ಹೊಳೆಯುತ್ತಿತ್ತು. ನನಗೆ ಅದರ ಮೇಲೆ ಹೆಮ್ಮೆ ಇತ್ತು. ಅದು ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತಿದೆ ಅಂತ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಬಾವಿಯ ನೀರು ಕೆಸರಾಗಿತ್ತು. ಅಕ್ಕ ಬಗ್ಗಿ ನೋಡಿ, ರಾಟೆಯ ಮೇಲೆ ಕೈಯಿಟ್ಟು ನಿಂತರು.

“ಯಾರೋ ಕತ್ತಲಲ್ಲಿ ಸೇದ್ತಾ ಇದ್ದಾರೆ” ಎಂದರು.

ಅಲ್ಲಿದ್ದ ಹೆಂಗಸರೆಲ್ಲ ನಮ್ಮ ಬಸಳೆಯ ಕಡೆ ತಿರುಗಿದರು.

“ನಿನ್ನ ಚಪ್ಪರಕ್ಕೆ ಯಾವ ನೀರು ಹಾಕುದು ಮಾರಾಯ್ತಿ?” ಅಕ್ಕ ಕೇಳಿದರು. ಗದರಿಸಿ ಕೇಳಲಿಲ್ಲ. ಮೆಲ್ಲ ಕೇಳಿದ್ದೇ ನನಗೆ ಹೆಚ್ಚು ತಾಗಿತು.

ಮಾಡಿನ ನೀರು ಅನ್ನಬೇಕಿತ್ತು. ಬಾಗಿಲ ಸಂದಿನಲ್ಲಿ ಅತ್ತೆ ನಿಂತದ್ದು ಕಂಡಿತು. ನಾಲಿಗೆಗೆ ಬೇರೆಯೇ ಬಂತು.

“ಪಾತ್ರೆ ತೊಳೆದ ನೀರು.”

ಪಕ್ಕದ ಮನೆಯ ದರ್ಜಿಯ ಹೆಂಡತಿ ನನ್ನ ಹತ್ತಿರವೇ ನಿಂತಿದ್ದಳು. ನನ್ನದೇ ಪ್ರಾಯದವಳು. ಮಧ್ಯಾಹ್ನ ನಾವಿಬ್ಬರೂ ಒಬ್ಬರಿಗೊಬ್ಬರು ತಲೆ ಬಾಚುತ್ತಿದ್ದೆವು. ನಾನು ಅರೆಭಾಷೆಯವಳು, ಸಾಲಿನವರೆಲ್ಲ ತುಳು. ನಾನು ತಪ್ಪು ತಪ್ಪು ತುಳು ಮಾತಾಡಿದರೆ ನಗದೆ ತಿದ್ದುತ್ತಿದ್ದವಳು ಅವಳೊಬ್ಬಳೇ.

“ನಾನೂ ಪಾತ್ರೆ ತೊಳೆದ ನೀರೇ ಹಾಕುದು. ನನ್ನ ಹರಿವೆ ಒಣಗಿ ಕಡ್ಡಿ ಆಯ್ತು. ಬೆಳಿಗ್ಗೆ ಬೇಗ ನಿಮ್ಮ ಹಿತ್ತಿಲಲ್ಲಿ ನೀರಿನ ಸದ್ದು ಕೇಳ್ತದೆ. ನಾನು ಇಷ್ಟು ದಿನ ಹೇಳಲಿಲ್ಲ” ಎಂದಳು.

ನನ್ನ ಕೊಡಪಾನ ಸೊಂಟದಿಂದ ಜಾರಿ ಬಾವಿಕಟ್ಟೆಗೆ ಬಡಿಯಿತು. ಗಂಡ ಅಂಗಿಯ ಗುಬ್ಬಿ ಹಾಕುತ್ತಾ ಹೊರಗೆ ಬಂದಿದ್ದವರು ಎಲ್ಲವನ್ನೂ ಕೇಳಿಸಿಕೊಂಡರು. ಒಂದು ಮಾತು ಅವರ ಬಾಯಿಂದ ಬರುತ್ತದೆ ಅಂತ ನಾನು ಕಾದೆ. ಅವರು ಒಳಗೆ ಹೋಗಿ, ಎದುರು ಬಾಗಿಲಿನಿಂದ ಆಫೀಸಿಗೆ ಹೊರಟುಹೋದರು. ಸಂಜೆ ಕೇಳಿದ್ದಕ್ಕೆ, “ಹೆಂಗಸರ ಮಾತಿನ ಮಧ್ಯೆ ನಾನು ಎಂತ ಹೇಳುದು?” ಎಂದರು. ಮತ್ತೆ, “ಡ್ರಮ್ಮಿನ ವಿಷಯ ಹೇಳಲಿಕ್ಕೆ ನನಗೂ ಒಂದು ನಮೂನೆ ನಾಚಿಕೆ ಆಯ್ತು” ಎಂದೂ ಸೇರಿಸಿದರು.

ಅಂದಿನಿಂದ ನಾನು ಬಾವಿಗೆ ಹೋದರೆ ಅಲ್ಲಿಯ ಮಾತು ನಿಲ್ಲುತ್ತಿತ್ತು. ದರ್ಜಿಯ ಹೆಂಡತಿ ತನ್ನ ಕೊಡಪಾನವನ್ನು ನನ್ನದಕ್ಕೆ ತಾಗದಂತೆ ಸರಿಸಿಡುತ್ತಿದ್ದಳು. ನಾನು ಕದ್ದಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಕದ್ದವಳ ಹಾಗೆಯೇ ತಲೆ ತಗ್ಗಿಸಿ ಹೋಗಿ ಬರುತ್ತಿದ್ದೆ. ಹಾಗೆ ತಗ್ಗಿಸುವುದರಿಂದ ಅವರ ಸಂಶಯ ಗಟ್ಟಿಯಾಗುತ್ತದೆ ಅಂತ ತಿಳಿದರೂ ಕುತ್ತಿಗೆ ಮೇಲೆ ಏಳುತ್ತಿರಲಿಲ್ಲ.

ಗಿಡಗಳಿಗೆ ನೀರು ಹಾಕುವುದನ್ನೇ ಬಿಟ್ಟೆ. ಬಸಳೆ ಒಣಗಿದರೆ ನಾನು ಕಳ್ಳಿಯಲ್ಲ ಅಂತ ಆಗುತ್ತದೆ ಎಂಬುದು ನನ್ನ ಲೆಕ್ಕ. ಡ್ರಮ್ಮಿನಲ್ಲಿ ನೀರು ಇದ್ದಂತೆಯೇ ಬೆಂಡೆ ಬಾಡಿತು, ಅಲಸಂಡೆಯ ಹೂ ಉದುರಿತು, ಬಸಳೆಯ ಎಲೆ ಹಳೆಯ ಚರ್ಮದ ಹಾಗೆ ಜೋತುಬಿತ್ತು.

ಅತ್ತೆ ನೋಡಿದರು. “ನೀರು ಉಂಟಲ್ಲ, ಯಾಕೆ ಹಾಕುದಿಲ್ಲ?”

“ಒಣಗಲಿ ಅತ್ತೆ.”

“ಎಂತ ಒಣಗಲಿ? ಕಣ್ಣೆದುರು ಸಾಯ್ತಾ ಉಂಟು!”

“ಅವರು ಹೇಳಿದ್ದು ನಿಮಗೂ ಕೇಳಿದೆಯಲ್ಲ” ಎಂದೆ. ಮದುವೆಯಾದ ಮೇಲೆ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಅಷ್ಟು ಹೇಳುವಾಗಲೇ ಅಳು ಬಂತು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅತ್ತೆ ಆ ದಿನ ಎಲೆ ಅಡಿಕೆಯನ್ನೂ ಹಾಕದೆ ಜಗಲಿಯಲ್ಲಿ ಕೂತಿದ್ದರು.

ಮರುದಿನ ಬೆಳಿಗ್ಗೆ ಎಲ್ಲರೂ ಬಾವಿಯ ಹತ್ತಿರ ಸೇರಿದ್ದ ಹೊತ್ತಿಗೆ ಹಿತ್ತಿಲಲ್ಲಿ ಪರಪರ ಸದ್ದಾಯಿತು. ಅತ್ತೆ ಕತ್ತಿಯಲ್ಲಿ ಹಗ್ಗ ಕೊಯ್ದು ತಟ್ಟಿಯನ್ನು ಎಳೆದು ಕೆಡವುತ್ತಿದ್ದರು.

“ಅಕ್ಕಾ, ಒಮ್ಮೆ ಈಚೆ ಬನ್ನಿ. ಎಲ್ಲರೂ ಬನ್ನಿ!”

ಹೆಂಗಸರು ಬಂದರು. ಸದ್ದಿಗೆ ದರ್ಜಿಯೂ, ಇನ್ನಿಬ್ಬರು ಗಂಡಸರೂ ಬಂದರು.

“ಇದು ಮಾಡಿನ ನೀರು. ವಿಷುವಿನ ಮಳೆಗೆ ನನ್ನ ಸೊಸೆ ಹಿಡಿದು ಇಟ್ಟದ್ದು. ಯಾರಿಗೂ ಹೇಳಬೇಡ ಅಂತ ಬಾಯಿ ಕಟ್ಟಿದವಳು ನಾನು. ಮಾಡಿನ ನೀರು ಹಿಡಿದರೆ ಮರ್ಯಾದೆ ಹೋಗ್ತದೆ ಅಂತ ಗ್ರಹಿಸಿದೆ. ಈಗ ನೋಡಿದರೆ ಅವಳ ಮರ್ಯಾದೆಯೇ ಹೋಯ್ತು. ಬೈಯುದಾದರೆ ನನಗೆ ಬೈಯಿರಿ.”

ಅಕ್ಕ ಮುಂದೆ ಬಂದು ಇಣುಕಿದರು. ಎಲ್ಲರೂ ಇಣುಕಿದರು. ಡ್ರಮ್ಮಿನ ಬಾಯಿಯ ಮೇಲೆ, ಲಾಡಿ ಸಮೇತ, ತೇಪೆ ಸಮೇತ, ಹರಡಿಕೊಂಡಿತ್ತು ನನ್ನ ಒಳಲಂಗ. ಯಾರೋ ಕಿಸಕ್ಕನೆ ನಕ್ಕರು. ಗಂಡಸರು ಮುಖ ಆಚೆ ತಿರುಗಿಸಿದರು. ಅತ್ತೆಗೆ ಆಗ ಅದು ತಲೆಗೆ ಹೋಯಿತು. ಥಟ್ಟನೆ ಬಟ್ಟೆಯನ್ನು ಎಳೆದು ಸೆರಗಿನೊಳಗೆ ಮುದುಡಿ ಹಿಡಿದರು. ಕೆಳಗಿನ ನೀರಿನಲ್ಲಿ ಹುಳಗಳು ಕುಣಿಯುತ್ತಿದ್ದವು. ನಾನು ಕಳ್ಳಿಯಲ್ಲ ಎಂದು ಊರಿಗೆಲ್ಲ ಗೊತ್ತಾದ ಆ ಗಳಿಗೆಯಲ್ಲಿ ನೆಲ ಬಾಯಿ ಬಿಡಬಾರದೇ ಎಂದು ನಾನು ನಿಂತಿದ್ದೆ.

“ಹೇಳಲಿಕ್ಕೆ ಎಂತ ಆಗಿತ್ತು ಮಾರಾಯ್ತಿ” ಎಂದರು ಅಕ್ಕ. ನನ್ನ ತೋಳನ್ನು ಮುಟ್ಟಿ ಹೊರಟರು. ಅತ್ತೆ ಸೊಂಟ ನೋವಿನ ಮನುಷ್ಯೆ, ಕೊಡಪಾನ ಎತ್ತದೆ ವರ್ಷಗಳಾಗಿದ್ದವು. ಅವತ್ತು ತಾವೇ ಮೊಗೆದು ಮೊಗೆದು ಎಲ್ಲ ಗಿಡಗಳಿಗೂ ಹೊಯ್ದರು. ಬೆಂಡೆ ಉಳಿಯಲಿಲ್ಲ. ಬಸಳೆ ಬುಡದಿಂದ ಚಿಗುರಿತು.

ಕೆಲವು ದಿನಗಳಲ್ಲಿ ಮಳೆ ಹಿಡಿಯಿತು, ಬಾವಿ ತುಂಬಿತು. ಜೋರು ಮಳೆಯ ಒಂದು ಸಂಜೆ ದರ್ಜಿಯ ಹೆಂಡತಿ ತಲೆಯಿಂದ ಬೆನ್ನಿಗೆ ಓಲೆಯ ಗೊರಬು ಹಾಕಿಕೊಂಡು ಹಿತ್ತಿಲಿಗೆ ಬಂದಳು. ಕಡಬದಿಂದ ತನ್ನ ಅತ್ತೆ ಬಂದಿದ್ದಾರೆ, ಸಾರು ಮಾಡಲಿಕ್ಕೆ ಎಂತದೂ ಇಲ್ಲ, ನಾಲ್ಕು ದಂಟು ಬಸಳೆ ಸಿಗಬಹುದಾ ಎಂದು ಕೇಳಿದಳು. ಕೇಳುವಾಗ ಅವಳು ನೋಡುತ್ತಿದ್ದದ್ದು ಬಳ್ಳಿಯನ್ನು. ಕೊಯ್ಯುವಾಗ ನಾನೂ ಬಳ್ಳಿಯನ್ನೇ ನೋಡಿದೆ.

“ಸಾಕು, ಸಾಕು” ಎಂದಳು. ನಾನು ಮತ್ತೂ ಕೊಯ್ದೆ. ಅವಳ ಕೈ ತುಂಬಿದ ಮೇಲೂ ಕೊಯ್ಯುತ್ತಲೇ ಇದ್ದೆ.

ಆ ಸಾಲಿನಲ್ಲಿ ಮತ್ತೂ ಕೆಲವು ವರ್ಷ ಇದ್ದೆವು. ಅವಳ ಎರಡನೇ ಬಾಣಂತನಕ್ಕೆ ತವರಿನಿಂದ ಯಾರೂ ಬರಲಿಲ್ಲ, ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದ್ದು ನಾನು. ಗಂಡನ ಮೇಲಿನ ಸಿಟ್ಟು, ಅತ್ತೆಯಂದಿರ ಕಾಟ, ಹೇಳಬಾರದ್ದು ಹೇಳಬಹುದಾದ್ದು ಎಲ್ಲವನ್ನೂ ಮಾತಾಡಿಕೊಂಡೆವು. ಬಾವಿಕಟ್ಟೆಯ ಆ ಬೆಳಿಗ್ಗೆಯ ವಿಷಯ ಮಾತ್ರ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.