ಮದುವೆಯ ಮಳೆ ಮತ್ತು ತಲೆ ಅಂಟಿಸಿದ ಬಾಲಯೇಸು

ಅಕ್ಕನ ಮದುವೆ ನಡೆದದ್ದು ೧೯೫೯ರ ಮೇ ೧೮, ಸೋಮವಾರ. ಆ ವರ್ಷದ ಪಂಚಾಂಗವನ್ನು ಹುಡುಕಿ ತೆಗೆದು ನೋಡಿದೆ: ವಿಕಾರಿ ಸಂವತ್ಸರದ ವೈಶಾಖ ಶುದ್ಧ ದಶಮಿ. ಮನೆಯವರು ಹೇಳುತ್ತಿದ್ದ ತಿಥಿಯೂ ಅದೇ.

ಹೆಬ್ಬಾಳದ ನಮ್ಮ ಮನೆಯ ಮುಂದೆ ಚಪ್ಪರ ಏಳುತ್ತಿದ್ದಂತೆ ಮೋಡ ಕಟ್ಟತೊಡಗಿತು. ಪಾತ್ರೆಯಲ್ಲೇ ಅನ್ನ ಕಲಸಿ ಉಂಡವರ ಮದುವೆಯಲ್ಲಿ ಮಳೆ ಬರುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಅಕ್ಕ ಚಿಕ್ಕಂದಿನಿಂದಲೂ ಹಾಗೆಯೇ ಉಂಡವಳು. ಚಪ್ಪರ ಸೋರಿದರೆ ಹೊಸ ಬೀಗರೆದುರು ಅದು ಅವಳ ತಪ್ಪಾಗಿಬಿಡುತ್ತಿತ್ತು.

"ತಳ ಕೆರ್ಕೊಂಡು ತಿನ್ಬ್ಯಾಡ ಅಂತ ಬಡ್ಕೊಂಡೆ. ಈಗ ಬೀಗರು ನೆನ್ಕೊಂಡೇ ಉಣ್ಲಿ ಬುಡು" ಎಂದು ಅಜ್ಜಿ ಹಂಗಿಸುತ್ತಿದ್ದರು.

ಅಕ್ಕ ತನ್ನ ಭಯವನ್ನು, ಹೊಲಿಗೆ ಕಲಿಸುತ್ತಿದ್ದ ಐರ್ಲೆಂಡಿನ ಕ್ರೈಸ್ತ ಸನ್ಯಾಸಿನಿಯ ಬಳಿ ಹೇಳಿಕೊಂಡಳು. ಊರಿಗೆಲ್ಲ ಅವರು ಸಿಸ್ಟರಮ್ಮ. ಅವರ ಹಳ್ಳಿಗಳಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಮದುವೆಯಿಲ್ಲವಂತೆ. ನಾವು ಆಷಾಢಕ್ಕೆ ಮುನ್ನ ಆತುರಪಡುವಂತೆ ಅವರು ಉಪವಾಸ ಹಿಡಿಯುವ ಮುನ್ನ ಮುಗಿಸಿಕೊಳ್ಳುತ್ತಿದ್ದರಂತೆ. ಮಳೆಗೂ ಅವರಲ್ಲಿ ಒಂದು ಉಪಾಯವಿತ್ತು. ಮದುವೆಯ ಹಿಂದಿನ ದಿನ ಬಾಲಯೇಸುವಿನ ಪ್ರತಿಮೆಯನ್ನು ಬೇಲಿಯ ಬುಡದಲ್ಲಿ ಇಟ್ಟರೆ ಆಕಾಶ ತಿಳಿಯಾಗುತ್ತದೆ.

ಭಾನುವಾರ ಅವರೇ ಪ್ರತಿಮೆಯನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಅಜ್ಜಿ ಭಕ್ತಿಯಿಂದ ಕೈಮುಗಿದರು. ಆಮೇಲೆ ಅದರ ಕುತ್ತಿಗೆಯ ಸುತ್ತ ಅಂಟಿನ ಗೆರೆ ಕಂಡಿತು.

"ಇದೇನ್ ಸಿಸ್ಟರಮ್ಮ, ತಲೆ ಮುರ್ದೈತಲ್ಲ?"

"ಮುರಿದದ್ದೇ ಒಳ್ಳೇದು ಅಜ್ಜಿ. ಇಡಿಯಾಗಿದ್ರೆ ಅಷ್ಟು ಕೆಲಸ ಮಾಡಲ್ಲ ಅಂತಾರೆ ನಮ್ಮೂರಲ್ಲಿ."

ಭಿನ್ನವಾದ ಮೂರ್ತಿಯನ್ನು ನಾವು ಕೆರೆಗೆ ಬಿಡುವವರು. ಮದುವೆಮನೆಯ ಬಾಗಿಲಿಗೆ ತರುವುದುಂಟೆ? ಅಜ್ಜಿ ಅಕ್ಕನ ಮುಖ ನೋಡಿದರು, ಮೋಡವನ್ನೂ ನೋಡಿದರು.

"ನಮ್ ಬೇಲಿ ಬ್ಯಾಡ ಕಣಮ್ಮ. ನಿಮ್ ಕಾಂಪೌಂಡ್ನಾಗೇ ಇಡಿ. ಮೋಡಕ್ಕೆ ಮ್ಯಾಗಿಂದ ಎಲ್ಲಿಟ್ರೂ ಕಾಣ್ತೈತೆ."

ಸಿಸ್ಟರಮ್ಮ ನಗುತ್ತಲೇ ಒಪ್ಪಿ, ಪ್ರತಿಮೆಯನ್ನು ಹಿಂದಕ್ಕೆ ಒಯ್ದರು.

ಮರುದಿನ ಧಾರೆ ಮುಗಿದು ಕೊನೆಯ ಪಂಕ್ತಿ ಏಳುವವರೆಗೂ ಒಂದು ಹನಿ ಬೀಳಲಿಲ್ಲವೆಂದೇ ನನ್ನ ನೆನಪು. "ನಮ್ ಹುಡುಗಿ ಯಾವತ್ತೂ ತಟ್ಟೇಲೇ ಉಂಡೋಳು" ಎಂದು ಅಜ್ಜಿ ಬೀಗಿತ್ತಿಯೆದುರು ಕೊಚ್ಚಿಕೊಂಡದ್ದು ಇನ್ನೂ ಕಿವಿಯಲ್ಲಿದೆ.

ಈಚೆಗೆ ಭಾವನ ಮನೆಯಲ್ಲಿ ಆ ದಿನದ ಫೋಟೊವೊಂದು ಸಿಕ್ಕಿತು, ಹಿಂಬದಿಯಲ್ಲಿ ತಾರೀಖಿದೆ. ಧಾರೆ ಇನ್ನೂ ನಡೆಯುತ್ತಿದೆ. ಭಾವನ ಪೇಟ ತೊಯ್ದು ಕಿವಿಯ ಮೇಲೆ ಜಾರಿದೆ. ಅಜ್ಜಿ ಹಿತ್ತಾಳೆಯ ಹರಿವಾಣವನ್ನು ಅಕ್ಕನ ತಲೆಯ ಮೇಲೆ ಕೊಡೆಯಂತೆ ಹಿಡಿದಿದ್ದಾರೆ. ಅಕ್ಕ ನಗುತ್ತಿದ್ದಾಳೆ, ಬೀಗಿತ್ತಿ ಕೂಡ.