ಹೊಗೆಯಿಲ್ಲದ ಬಚ್ಚಲು

ಮೂಡಿಗೆರೆಯ ಮಿಕ್ಸಿ, ಫ್ರಿಜ್ಜುಗಳ ಅಂಗಡಿಯಲ್ಲಿ ಸಂಬಳಕ್ಕಿದ್ದ ಧರ್ಮೇಶನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದ. ಫ್ರಿಜ್ಜನ್ನು ಗೋಡೆಗೆ ಒತ್ತಬೇಡಿ, ಕುಕ್ಕರಿನ ರಬ್ಬರು ಸಡಿಲಾದರೆ ಬದಲಿಸಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳಿ ಕಳಿಸುವವನ ಮಾತಿಗೆ ಬಣಕಲ್ಲಿನ ಸ್ವಂತ ಮನೆಯಲ್ಲಿ ಮಾತ್ರ ಬೆಲೆ ಇರಲಿಲ್ಲ.

ಆ ಬೆಲೆ ಗಳಿಸಲೆಂದೇ ತಂಗಿ ಧನ್ಯಾ ಹೆರಿಗೆಗೆ ಬಂದಾಗ, ಬಚ್ಚಲಿನ ಹಂಡೆ ಒಲೆಯ ಬದಲಿಗೆ ಅಂಗಡಿಯಿಂದ ಗ್ಯಾಸ್ ಗೀಸರ್ ತಂದ. ಕೂರಿಸುವ ಮೆಕ್ಯಾನಿಕ್ಕನ್ನು ಕಾಯದೆ ತಾನೇ ಬಚ್ಚಲ ಗೋಡೆಗೆ ತಗುಲಿಸಿ, ಸಿಲಿಂಡರನ್ನು ಹೊರಗೆ ಸೂರಿನಡಿ ಇಟ್ಟ. "ಸೇಫ್ಟಿ ಅಂದ್ರೆ ಇದು! ಹೊಗೆ ಇಲ್ಲ, ಮಸಿ ಇಲ್ಲ."

"ಹಂಗಾದ್ರೆ ಮೇಲಿನ ಹೊಗೆಕಿಂಡಿ ಎಂತಕ್ಕೋ ಇನ್ನು?" ಎಂದಳು ಅಜ್ಜಿ ತಿಮ್ಮಮ್ಮ.

"ಇರ್ಲಿ ಬಿಡಜ್ಜಿ, ಬೆಳಕಿಗೆ."

ಹೆರಿಗೆ ಸುಸೂತ್ರವಾಯಿತು. ಕಾಫಿ ಕೊಯ್ಲಿನ ಚಳಿಯಲ್ಲಿ ಒಂದು ಬೆಳಿಗ್ಗೆ ಅವ್ವ ತಂಗಮ್ಮನ ಫೋನು ಬಂತು. "ಬರ್ತಾ ಒಣಶುಂಠಿ ತಗಂಡು ಬಾ. ಧನ್ಯಂಗೆ ಸ್ನಾನ ಆಗಿದ್ದೇ ತಲೆನೋವು, ವಾಂತಿ ಬಂದಂಗೆ ಆಗ್ತದಂತೆ. ನೀರು ಹುಯ್ಯೋ ಅಜ್ಜಿಗೂ ತಲೆ ಸುತ್ತಂತೆ. ಬಾಣಂತಿಗೆ ಗಾಳಿ ತಾಗಿರ್ಬೇಕು. ಅದಕ್ಕೇ ಇವತ್ತು ಕಿಂಡಿಗೆ ಕಾಫಿ ಚೀಲ ತುರುಕಿ, ಬಾಗಿಲ ಸಂದಿಗೂ ಬಟ್ಟೆ ಕೊಟ್ಟಿದೀವಿ. ಈಗಷ್ಟೇ ಒಳಗೆ ಹೋದ್ರು."

ಧರ್ಮೇಶನ ಎದುರಿಗೇ ಗೀಸರ್ ಪೆಟ್ಟಿಗೆಗಳ ಸಾಲಿತ್ತು. ಪ್ರತಿ ಪೆಟ್ಟಿಗೆಯ ಮೇಲೂ ಕೆಂಪಕ್ಷರ: ಗಾಳಿಯಾಡದ ಜಾಗದಲ್ಲಿ ಬಳಸಬಾರದು. ದಿನವೂ ಅದರ ಧೂಳು ಒರೆಸುತ್ತಿದ್ದವನು ಓದಿದ್ದು ಇವತ್ತೇ.

"ಅವ್ವಾ, ಅವರನ್ನ ಹೊರಗೆ ಕರಿ!" ಎನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಮತ್ತೆ ಮಾಡಿದ. ಎತ್ತಲಿಲ್ಲ. ಪಕ್ಕದ ಮನೆಯವರೂ ಎತ್ತಲಿಲ್ಲ, ಎಲ್ಲರೂ ಕೊಯ್ಲಿನಲ್ಲಿ. ಬೈಕ್ ಹತ್ತಿದ. ಹೆದ್ದಾರಿಯ ಒಂದೊಂದು ತಿರುವಿನಲ್ಲೂ ಒಂದೇ ಪ್ರಶ್ನೆ: ಮಗುವನ್ನೂ ಒಳಗೆ ಕರೆದೊಯ್ದರೋ? ಕೇಳಿರಲಿಲ್ಲ. ಬೇರೆಯವರಿಗೆ ಹೇಳುವುದರಲ್ಲೇ ಆಯುಸ್ಸು ಕಳೆದವನಿಗೆ ಕೇಳುವ ಅಭ್ಯಾಸ ಎಲ್ಲಿಂದ ಬರಬೇಕು?

ಅವ್ವ ಕಣದಲ್ಲಿ ಕಾಫಿ ಕೈಯಾಡಿಸುತ್ತಿದ್ದಳು. ಇವನು ಓಡಿ ಸಿಲಿಂಡರ್ ಬಂದ್ ಮಾಡಿ, ಕಿಂಡಿಯ ಚೀಲ ಕಿತ್ತೆಸೆದು, ಬಾಗಿಲು ಬಡಿದ.

"ನಾಚಿಕೆ ಇಲ್ವೇನೋ, ಬಾಣಂತಿ ಸ್ನಾನಕ್ಕೆ ಕೂತಿರುವಾಗ!" ಎನ್ನುತ್ತಾ ಅವ್ವ ಹಿಂದೆಯೇ ಓಡಿ ಬಂದಳು.

"ಮಗು ಎಲ್ಲಿ?"

"ತೊಟ್ಟಿಲಲ್ಲಿ. ಯಾಕೋ?"

ಬಚ್ಚಲಿನೊಳಗಿಂದ ನೀರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಧರ್ಮೇಶ ಒದ್ದ. ಎರಡನೇ ಒದೆತಕ್ಕೆ ಚಿಲಕ ಕಿತ್ತು ಬಂತು. ಅವ್ವ ಕಂಬಳಿ ಹಿಡಿದು ಒಳನುಗ್ಗಿದಳು. ಅಜ್ಜಿ ಗೋಡೆಗೆ ಒರಗಿದ್ದಳು, ಚೊಂಬು ಕೈಯಲ್ಲೇ ಇತ್ತು. ಧನ್ಯಾ ಕಣ್ಣು ತೆರೆದಿದ್ದಳು, ಯಾರನ್ನೂ ನೋಡುತ್ತಿರಲಿಲ್ಲ.

ಇಬ್ಬರನ್ನೂ ಹೊತ್ತು ಕಣದ ಬಯಲಿಗೆ ತಂದರು. ಧನ್ಯಾ ವಾಂತಿ ಮಾಡಿಕೊಂಡಳು. ಬಹಳ ಹೊತ್ತಿನ ಮೇಲೆ ಅಜ್ಜಿ ಬಾಯಿಬಿಟ್ಟಳು: "ಬಾಗಿಲು ಮುರಿದ್ಯೇನೋ, ಮುಂಡೇದೆ?" ಧರ್ಮೇಶನಿಗೆ ಅಂದು ಅದಕ್ಕಿಂತ ಸಿಹಿಯಾದ ಮಾತು ಬೇಕಿರಲಿಲ್ಲ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟ ಡಾಕ್ಟರು ಹೇಳಿದರು: "ಹಂಡೆ ಒಲೆ ಆಗಿದ್ರೆ ಕೆಮ್ಮಿ ಹೊರಗೆ ಬರ್ತಿದ್ರು. ಗಾಳಿಯಾಡದ ಕಡೆ ಗ್ಯಾಸ್ ಉರಿದ್ರೆ ಹುಟ್ಟೋ ಈ ವಿಷಗಾಳಿ ಕಾಣಲ್ಲ, ವಾಸನೆ ಇಲ್ಲ. ಅದಕ್ಕೇ ಅಪಾಯ."

ಇಬ್ಬರೂ ಚೇತರಿಸಿಕೊಂಡರು. ಮನೆಯಲ್ಲಿ ಮತ್ತೆ ಹಂಡೆ ಒಲೆ ಹೊತ್ತಿತು. ಅಂಗಡಿಯಲ್ಲಿ ಧರ್ಮೇಶ ಈಗ ಗಿರಾಕಿಗೆ ಮೊದಲು ಬಚ್ಚಲ ಸುದ್ದಿ ಕೇಳುತ್ತಾನೆ. "ಗೀಸರ್ ಹೊರಗೋಡೆಗೆ ಇರ್ಲಿ, ಮೆಕ್ಯಾನಿಕ್ಕೇ ಕೂರಿಸ್ಲಿ. ಚಳಿ ಅಂತ ಕಿಂಡಿ ಮುಚ್ಚಬೇಡಿ. ತಲೆನೋವು ಬಂದ್ರೆ ಆರಿಸಿ ಬಯಲಿಗೆ ಬನ್ನಿ."

"ಇಷ್ಟು ರಗಳೆ ಇದ್ರೆ ಬೇಡ ಮಾರಾಯ," ಎಂದು ಕೆಲವರು ಇಳಿದು ಹೋಗುತ್ತಾರೆ. ಮಾಲೀಕರು ಕನ್ನಡಕದ ಮೇಲಿಂದ ನೋಡುತ್ತಾರೆ.

ಅವನು ಮಾತ್ರ ಸ್ನಾನದ ಹೊತ್ತಿಗೆ ಮನೆಗೆ ಫೋನು ಹಚ್ಚುತ್ತಾನೆ. "ಅಜ್ಜಿ, ಕಿಂಡಿ ತೆಗ್ದಿದೆಯಾ?"

"ತೆಗ್ದಿದೆ ಕಣೋ. ಹೊಗೆಗೆ ಕಣ್ಣು ಬಿಡಕ್ಕಾಗ್ತಿಲ್ಲ. ಇಡು ಫೋನು!"

ಅವಳು ಎರಡು ಸಲ ಕೆಮ್ಮುವುದನ್ನು ಕೇಳಿಸಿಕೊಂಡೇ ಅವನು ಫೋನು ಇಡುವುದು.